ಕೊಂಗುನಾಡಿನ ಮೋಟಾರೂ ಅದರ ಬೀಗವೂ

ಮನೆಗೆ ಹಾಕುವ ಬೀಗಕ್ಕೂ ವಾಹನಕ್ಕೆ ಹಾಕುವ ಬೀಗಕ್ಕೂ ಉದ್ದೇಶದಲ್ಲಿಯೇ ಒಂದು ಭೇದವುಂಟು. ಮನೆಯು ನಿಂತಲ್ಲಿ ನಿಲ್ಲತಕ್ಕ ವಸ್ತುವಾದುದರಿಂದ ಅದರ ಬೀಗವು ಒಳಗಿನ ಸೊತ್ತನ್ನು ಕಾಯ್ದರೆ ಸಾಕು. ವಾಹನವಾದರೋ ತಾನೇ ಕಳವಾಗಿ ಹೋಗಬಲ್ಲ ಸೊತ್ತು, ಆದುದರಿಂದ ಅದರ ಬಾಗಿಲನ್ನು ಬಂಧಿಸಿದ ಮಾತ್ರಕ್ಕೆ ಕಾವಲಿನ ಕೆಲಸ ಮುಗಿಯದೆ, ಅದರ ಚಲನೆಯನ್ನೇ ಬಂಧಿಸುವ ಉಪಾಯವೊಂದನ್ನು ಹುಡುಕಬೇಕಾಗುತ್ತದೆ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಇಂದು ಓಡಾಡುವ ಹೈಬ್ರಿಡ್ ಕಾರುಗಳ, ಎಂದರೆ ಎಂಜಿನ್ನೂ ವಿದ್ಯುನ್ಮೋಟಾರೂ ಕೂಡಿದ ಕಾರುಗಳ ಒಡೆಯರು, ಕೀಲಿಕೈಯನ್ನು ಜೇಬಿನಿಂದ ಹೊರತೆಗೆಯದೆಯೇ ಬಾಗಿಲ ಹಿಡಿಯನ್ನು ಮುಟ್ಟಿ ತೆರೆದು, ಗುಂಡಿಯೊಂದನ್ನು ಒತ್ತಿ ಸದ್ದಿಲ್ಲದೆ ಹೊರಡುವುದನ್ನು ಕಂಡವರು ಬಾಗಿಲು ತೆರೆದ ಸೋಜಿಗವನ್ನೇ ದೊಡ್ಡದಾಗಿ ಭಾವಿಸುವರು. ನನಗೆ ಬಾಗಿಲು ಅಷ್ಟು ಮುಖ್ಯವೆಂದು ತೋರುವುದಿಲ್ಲ. ಮೋಟಾರಿನ ನಿಜವಾದ ಬೀಗವು ಮೊದಲಿನಿಂದಲೂ ಇದ್ದುದು ಅದನ್ನು ಚಾಲನೆಗೆ ತರುವ ಕ್ರಿಯೆಯಲ್ಲಿ. ಆ ಬೀಗವು ಯಾರ ವಶದಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ಈ ಸೀಮೆಯ ಮೋಟಾರಿನ ಒಂದು ಶತಮಾನದ ಚರಿತ್ರೆಯಲ್ಲಿ ಹೆಚ್ಚು ಸ್ವಾರಸ್ಯವಾದ ಭಾಗ.

ಕೊಯಮತ್ತೂರಿನ ಸುತ್ತಿನ ಈ ಸೀಮೆ ಕನ್ನಡಿಗರಿಗೆ ಪರಕೀಯವಾದುದೇನಲ್ಲ. ಹೊಯ್ಸಳರ ದಂಡನಾಯಕರೂ, ಅನಂತರ ಮೈಸೂರಿನ ಒಡೆಯರೂ, ಹೈದರಾಲಿ ಟಿಪ್ಪು ಸುಲ್ತಾನರೂ ಆಳಿದ ಕೊಂಗುನಾಡು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ವಶವಾಯಿತು. ಕೊಳ್ಳೇಗಾಲದ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ದೇವಾಂಗ ನೇಕಾರರು ಕೊಯಮತ್ತೂರಿನ ಸುತ್ತಮುತ್ತಲೂ, ಅನುಪ್ಪ ಗೌಡರು ಉಡುಮಲೈಪೇಟೆಯ ಕಡೆಯ ಹಳ್ಳಿಗಳಲ್ಲಿಯೂ ಇಂದಿಗೂ ಇದ್ದಾರೆ. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದುದು 2009ರಷ್ಟು ಈಚೆಗೆ. ಅದಕ್ಕೆ ಮುಂಚಿನ ಮಾತಿನಲ್ಲೆಲ್ಲ ಕೊಯಮತ್ತೂರೆಂದರೆ ಆ ಪ್ರದೇಶದ ಬಹುಭಾಗವೂ ಸೇರಿತೆಂದು ತಿಳಿಯತಕ್ಕದ್ದು.

ಮೋಟಾರು ಬರುವ ಮುನ್ನ ಇಲ್ಲಿಯ ವಾಹನವೆಂದರೆ ಎತ್ತಿನ ಗಾಡಿ, ಎತ್ತೆಂದರೆ ಕಾಂಗೇಯಂ ತಳಿಯ ಎತ್ತು. ಪಾಳಯಕೋಟೆಯ ಪಟ್ಟಗಾರರ ಮನೆತನವು ಪೋಷಿಸಿ ಬೆಳೆಸಿದ ಈ ತಳಿಯ ಎತ್ತುಗಳನ್ನು ಹೂಡಿ ಹತ್ತಿ, ಹೊಗೆಸೊಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದ ಗಾಡಿಯವನು ರಾತ್ರಿ ಛತ್ರದ ಮುಂದೆ ತಂಗಿದಾಗ ತನ್ನ ಗಾಡಿಗೆ ಬೀಗ ಹಾಕಿದುದುಂಟೇ? ಎತ್ತುಗಳನ್ನು ನೊಗದಿಂದ ಬಿಚ್ಚಿ, ತಾನು ಮಲಗುವ ಕಡೆಯೇ ಗೂಟಕ್ಕೆ ಕಟ್ಟಿಕೊಂಡರೆ ಗಾಡಿಗೆ ಬೀಗ ಬಿದ್ದಂತೆಯೇ ಆಯಿತು. ಗಾಡಿಯ ಕಾವಲೂ ಚಲನೆಯ ಕಾವಲೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಬಾಗಿಲಿನ ಬೀಗಗಳ ವಿದ್ಯೆಯಾದರೆ ನೆರೆಯ ದಿಂಡಿಗಲ್ಲಿನದು. ಹೈದರಾಲಿಯು 1755ರಲ್ಲಿ ಮೈಸೂರಿನ ಪರವಾಗಿ ಫೌಜುದಾರನಾಗಿ ಹೋಗಿ ತನ್ನ ಭಾಗ್ಯದ ಬುನಾದಿಯನ್ನು ಹಾಕಿಕೊಂಡ ಊರು ಅದೇ. ಅಲ್ಲಿಯ ಕಮ್ಮಾರರು ಕೈಯಿಂದಲೂ ಅರದಿಂದಲೂ ಮಾಡಿದ ಮಾವಿನಕಾಯಿಯ ಆಕಾರದ ಬೀಗಗಳೂ, ಒಳಗೆ ಆರೇಳು ಸನ್ನೆಗಳನ್ನಿಟ್ಟ ಗಟ್ಟಿ ಬೀಗಗಳೂ ದಕ್ಷಿಣದೇಶದಲ್ಲೆಲ್ಲ ಹೆಸರಾದುವು. ತೆಗೆಯುವಾಗ ಗಂಟೆ ಬಾರಿಸಿ ಮನೆಯವರನ್ನು ಎಚ್ಚರಿಸುವ ಬೀಗವನ್ನೂ ಅವರು ಮಾಡುತ್ತಿದ್ದರು. ಇಂದಿನ ಕಾರು ಕಳ್ಳನ ಕೈ ತಾಗಿದರೆ ಬೊಬ್ಬಿಡುವುದಕ್ಕೆ ಇದು ಹಿರಿಯಜ್ಜನೆನ್ನಬಹುದು. 2019ರಲ್ಲಿ ದಿಂಡಿಗಲ್ಲಿನ ಬೀಗಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮನ್ನಣೆ ಬರುವ ಹೊತ್ತಿಗೆ ಆ ಕಸಬಿನ ಮನೆಗಳು ಬಹಳ ಕಡಮೆಯಾಗಿದ್ದುವು. ಲೋಹದ ಕೀಲಿಯಿಲ್ಲದೆ ಬಾಗಿಲು ತೆರೆಯುವ ಕಲ್ಪನೆಯೂ ತಮಿಳು ನಾಡಿಗೆ ಹೊಸದಲ್ಲ. ತಿರುಮರೈಕ್ಕಾಡಿನ, ಎಂದರೆ ಇಂದಿನ ವೇದಾರಣ್ಯದ ದೇವಾಲಯದಲ್ಲಿ ವೇದಗಳೇ ಮುಚ್ಚಿಹೋಗಿದ್ದ ಕದವನ್ನು ಅಪ್ಪರ್ ಸ್ವಾಮಿಗಳು ಪದ ಹಾಡಿ ತೆರೆಸಿದರೆಂದೂ, ಮರಳಿ ಮುಚ್ಚಲು ಸಂಬಂಧರು ಹಾಡಿದರೆಂದೂ ಪೆರಿಯ ಪುರಾಣವು ಹೇಳುತ್ತದೆ. ಕದವು ಎಲ್ಲರ ಹಾಡಿಗೂ ತೆರೆಯತಕ್ಕದ್ದಲ್ಲ, ಹಾಡಿದವರು ಯಾರೆಂಬುದನ್ನು ಅದು ಬಲ್ಲುದು ಎಂಬುದು ಆ ಕಥೆಯ ಮರ್ಮ. ಹೈಬ್ರಿಡ್ ಕಾರಿನ ಬಾಗಿಲ ಬಳಿಗೆ ಬಂದಾಗ ಈ ಮಾತನ್ನು ಮತ್ತೆ ನೆನೆಯಬೇಕಾಗುವುದು.

ಕೊಯಮತ್ತೂರಿನ ಬಳಿಯ ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಜನಿಸಿದ ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು, ಜನರ ಬಾಯಲ್ಲಿ ಜಿ. ಡಿ. ನಾಯ್ಡು, ಯೌವನದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನ ರಡ್ಜ್ ಮೋಟಾರ್ ಸೈಕಲನ್ನು ಕಂಡು ಮರುಳಾಗಿ, ಪಟ್ಟಣದ ಹೋಟೆಲೊಂದರಲ್ಲಿ ಸರಬರಾಯಿಯ ಕೆಲಸಕ್ಕೆ ನಿಂತು ಹಣ ಕೂಡಿಸಿ, ಅದನ್ನೇ ಕೊಂಡು, ಕೊಂಡ ಕೂಡಲೆ ಹತ್ತಿ ಓಡಿಸುವುದರ ಬದಲು ಬಿಚ್ಚಿ ಹರವಿ ಮತ್ತೆ ಜೋಡಿಸಿ ಯಂತ್ರದ ಮರ್ಮವನ್ನು ಕಲಿತ ಕಥೆಯು ಆ ನಾಡಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. 1920ರಲ್ಲಿ ಆತನು ಒಂದು ಮೋಟಾರು ಬಸ್ಸನ್ನು ಸಂಪಾದಿಸಿ ಪೊಲ್ಲಾಚಿಯಿಂದ ಉಡುಮಲೈಪೇಟೆಯ ಮಾರ್ಗವಾಗಿ ಪಳನಿಗೆ ಓಡಿಸತೊಡಗಿದನು. ಸುಮಾರು 60 ಕಿಲೋಮೀಟರಿನ ಆ ಹಾದಿಯಲ್ಲಿ ದಂಡಾಯುಧಪಾಣಿಯ ದರ್ಶನಕ್ಕೆ ನಡೆದೂ ಗಾಡಿ ಹೂಡಿಕೊಂಡೂ ಹೋಗುತ್ತಿದ್ದ ಯಾತ್ರಿಕರು ಕೆಲವು ಗಂಟೆಗಳಲ್ಲಿ ಹೋಗಿ ಸೇರುವುದು ಸಾಧ್ಯವಾಯಿತು. ಆ ಒಂದು ಬಸ್ಸೇ ಬೆಳೆದು ಯು. ಎಂ. ಎಸ್. ಎಂಬ ಹೆಸರಿನ ದೊಡ್ಡ ಸಂಸ್ಥೆಯಾಯಿತು.

ಆ ಕಾಲದ ಮೋಟಾರನ್ನು ಚಾಲನೆಗೆ ತರುವುದೆಂದರೆ ಒಂದು ಅನುಷ್ಠಾನ. ಮೊದಲು ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುವ ಸನ್ನೆಯನ್ನು ಹಿಂದಕ್ಕೆ ಎಳೆದಿಡಬೇಕು. ಇಲ್ಲದಿದ್ದರೆ ಎಂಜಿನ್ನು ಹಿಮ್ಮುಖವಾಗಿ ಒದ್ದು ಹ್ಯಾಂಡಲು ಹಿಡಿದವನ ಮಣಿಕಟ್ಟನ್ನು ಮುರಿಯುವುದು. ಬಳಿಕ ಪೆಟ್ರೋಲಿನ ನಳಿಗೆಯನ್ನು ತೆರೆದು, ಕಾರ್ಬುರೇಟರಿಗೆ ಎಣ್ಣೆ ತುಂಬಿ, ಗಾಳಿಯ ದ್ವಾರವನ್ನು ಹವೆಗೆ ತಕ್ಕಂತೆ ಅರೆಮುಚ್ಚಬೇಕು. ಮುಂಜಾನೆಯ ಚಳಿಯಲ್ಲಿ ಮುಚ್ಚಬೇಕಾದ ಅಳತೆ ಬೇರೆ, ಪಳನಿಯ ಬಿಸಿಲಿನಲ್ಲಿ ಬೇರೆ. ಆಮೇಲೆ ಕಬ್ಬಿಣದ ಹ್ಯಾಂಡಲನ್ನು ಎಂಜಿನ್ನಿನ ಮೂತಿಗೆ ತೂರಿಸಿ, ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಹ್ಯಾಂಡಲು ಹೊಡೆಯುವುದು ಕ್ಲೀನರನ ಪಾಲು, ಸನ್ನೆಗಳನ್ನು ಆಡಿಸುವುದು ಡ್ರೈವರನ ಪಾಲು. ಇಬ್ಬರ ಕೈಗಳೂ ಒಂದು ಲಯಕ್ಕೆ ಬಂದ ಮೇಲೆ ಬಸ್ಸು ಕೆಮ್ಮಿ ಎಚ್ಚರಗೊಳ್ಳುವುದು. ಕಿಡಿಯನ್ನು ಕಡಿಯುವ ಸ್ವಿಚ್ಚಿಗೆ ಒಂದು ಕೀಲಿಯಿದ್ದ ಮೋಟಾರುಗಳೂ ಇದ್ದುವು, ನಿಜ. ಆದರೆ ಆ ಕೀಲಿಗಳು ಎಷ್ಟು ಸಾಮಾನ್ಯವಾದ ಮಾದರಿಯವೆಂದರೆ, ಫೋರ್ಡ್ ಕಂಪನಿಯ ಪ್ರಸಿದ್ಧವಾದ ಟಿ ಮಾದರಿಯಲ್ಲಿ ಒಬ್ಬನ ಕೀಲಿಯು ಮತ್ತೊಬ್ಬನ ಮೋಟಾರಿಗೂ ಹೊಂದಿಕೊಳ್ಳುವುದು ವಿಶೇಷವೇನಾಗಿರಲಿಲ್ಲ.

ಹಾಗಾದರೆ ಪೊಲ್ಲಾಚಿಯ ಸಂತೆಮಾಳದಲ್ಲಿ ರಾತ್ರಿಯೆಲ್ಲ ನಿಂತ ಬಸ್ಸನ್ನು ಕಾಯುತ್ತಿದ್ದುದು ಯಾವುದು? ವಿದ್ಯೆ. ಹತ್ತು ಹರದಾರಿಯ ಸುತ್ತಿನಲ್ಲಿ ಅದನ್ನು ಎಬ್ಬಿಸಬಲ್ಲವರು ಇಬ್ಬರೋ ಮೂವರೋ. ಅವರು ಯಾರೆಂಬುದು ಊರಿಗೆಲ್ಲ ತಿಳಿದಿದ್ದಿತು. ಈ ವಿದ್ಯೆಯೇ ಬೀಗವಾಗಿದ್ದುದರ ಫಲವಾಗಿ ಡ್ರೈವರನಿಗೆ ಇಂದು ನಾವು ಊಹಿಸಲಾರದ ಮರ್ಯಾದೆಯಿತ್ತು. ಹಣ ಹಾಕಿ ಬಸ್ಸು ಕೊಂಡ ಜಮೀನುದಾರನು ತನ್ನ ಸ್ವಂತ ಬಸ್ಸಿನ ಮುಂದೆ ಅಸಹಾಯಕನಾಗಿ ನಿಂತು, ಡ್ರೈವರನ ಸ್ನಾನ ಊಟಗಳು ಮುಗಿಯುವುದನ್ನು ಕಾಯಬೇಕಾಗುತ್ತಿತ್ತು. ನಾಯ್ಡುವಿನ ಹಿರಿಮೆಯನ್ನು ಹೇಳುವವರು ಆತನ ಹತ್ತಾರು ಆವಿಷ್ಕಾರಗಳನ್ನು ಪಟ್ಟಿ ಮಾಡುವರು. ನನಗೆ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಮಾಲೀಕನೂ ಡ್ರೈವರನೂ ಮೆಕ್ಯಾನಿಕನೂ ತಾನೊಬ್ಬನೇ ಆಗಿ ವ್ಯಾಪಾರವನ್ನು ಆರಂಭಿಸಿದ ಸಂಗತಿ. ಆತನ ಬಸ್ಸಿನ ಬೀಗವು ಪರರ ವಶದಲ್ಲಿರಲಿಲ್ಲ.

ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತನು ವಿದ್ಯುತ್ತಿನಿಂದ ಎಂಜಿನ್ನನ್ನು ತಿರುಗಿಸುವ ಸಾಧನವನ್ನು ರಚಿಸಿ, ಅದು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿದ್ದರೂ, ಹ್ಯಾಂಡಲಿನ ಪ್ರಭುತ್ವವು ನಮ್ಮ ಕಡೆ ಬಹುಕಾಲ ಅಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ದಕ್ಷಿಣದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಅದರ ಅನಿಲದಿಂದ ಓಡತೊಡಗಿದಾಗಲಂತೂ ಚಾಲನೆಯ ವಿಧಿ ಮತ್ತಷ್ಟು ದೀರ್ಘವಾಯಿತು. ಕ್ಲೀನರನು ಕೋಳಿ ಕೂಗುವ ಹೊತ್ತಿಗೆ ಎದ್ದು, ಬೂದಿಯನ್ನು ತೆಗೆದು, ಇದ್ದಿಲು ತುಂಬಿ, ಕೆಂಡ ಹಾಕಿ, ಗಾಳಿಯ ಚಕ್ರವನ್ನು ತಿರುಗಿಸುತ್ತ ಕುಳಿತರೆ ಅನಿಲವು ಪಕ್ವವಾಗುವಷ್ಟರಲ್ಲಿ ಬೆಳಗಾಗುವುದು. ಅಂಥ ಬಸ್ಸನ್ನು ಕದಿಯಬೇಕೆಂದ ಕಳ್ಳನಿದ್ದರೆ ಆತನ ತಾಳ್ಮೆಯನ್ನು ಮೆಚ್ಚಬೇಕಾದುದೇ.

ಇಷ್ಟರಲ್ಲಿ ಸರ್ಕಾರದ ಬೀಗವೂ ಬಂದಿತ್ತು. 1914ರ ಮೋಟಾರು ವಾಹನ ಕಾಯಿದೆಯು ಡ್ರೈವರನಿಗೆ ಲೈಸೆನ್ಸು ಬೇಕೆಂದಿತು. 1939ರ ಕಾಯಿದೆಯು ಯಾವ ಬಸ್ಸು ಯಾವ ದಾರಿಯಲ್ಲಿ ಓಡಬೇಕೆಂಬುದಕ್ಕೆ ಪರ್ಮಿಟ್ಟನ್ನು ವಿಧಿಸಿತು. ಅಂದಿನಿಂದ ಬಸ್ಸಿನ ಬೆಲೆಗಿಂತ ಪರ್ಮಿಟ್ಟಿನ ಬೆಲೆಯೇ ದೊಡ್ಡದಾಗಿ, ಕಬ್ಬಿಣದ ವಾಹನವು ಕಾಗದದ ಹಂಗಿಗೆ ಒಳಗಾಯಿತು. ಪೊಲ್ಲಾಚಿಯಲ್ಲಿ ನಾಚಿಮುತ್ತು ಗೌಂಡರು 1931ರಲ್ಲಿ ಸ್ಥಾಪಿಸಿದ ಆನಮಲೈ ಬಸ್ ಟ್ರಾನ್ಸ್‌ಪೋರ್ಟಿನಂಥ ಸಂಸ್ಥೆಗಳು ಈ ವ್ಯವಸ್ಥೆಯೊಳಗೆ ಬೆಳೆದುವು. 1972ರಲ್ಲಿ ಚೇರನ್ ಸಾರಿಗೆ ನಿಗಮವು ಹುಟ್ಟಿ ಖಾಸಗಿ ದಾರಿಗಳಲ್ಲಿ ಅನೇಕವು ಸರ್ಕಾರದ ಪಾಲಾದರೂ, ಇಂದಿಗೂ ಕೊಯಮತ್ತೂರು ತಿರುಪ್ಪೂರುಗಳ ನಡುವೆ ಹಾಡು ಹಾಕಿಕೊಂಡು ಧಾವಿಸುವ ಖಾಸಗಿ ಬಸ್ಸುಗಳನ್ನು ಕಂಡರೆ ಹಳೆಯ ಬಸ್ಸು ಮಾಲೀಕರ ಪರಂಪರೆ ಪೂರ್ಣವಾಗಿ ಕಡಿದಿಲ್ಲವೆಂದು ತಿಳಿಯುವುದು.

ಈ ಮಾಲೀಕರು ಬಸ್ಸುಗಳಿಗಾಗಿ ಕಟ್ಟಿದ ಗ್ಯಾರೇಜುಗಳೇ ಮುಂದೆ ಕಾರ್ಖಾನೆಗಳಾದುದು ಕೊಂಗುನಾಡಿನ ಆರ್ಥಿಕ ಚರಿತ್ರೆಯ ತಿರುಳು. 1937ರಲ್ಲಿ ಬಸ್ಸುಗಳಿಂದ ಆರಂಭಿಸಿದ ಎಲ್. ಜಿ. ಬಾಲಕೃಷ್ಣನ್ ಸಂಸ್ಥೆಯು ಮೋಟಾರ್ ಸೈಕಲುಗಳ ಸರಪಳಿಗೆ ಹೆಸರಾಯಿತು. 1960ರಲ್ಲಿ ಹುಟ್ಟಿದ ಎಲ್ಗಿಯು ಗ್ಯಾರೇಜಿನ ಗಾಳಿಯಂತ್ರಗಳನ್ನು ಮಾಡಿತು. ಪೆರಿಯನಾಯಕ್ಕನ್‌ಪಾಳಯದ ಪ್ರಿಕಾಲ್ 1975ರಿಂದ ವಾಹನಗಳ ವೇಗಮಾಪಕ ಮೊದಲಾದುವನ್ನು ತಯಾರಿಸುತ್ತಿದೆ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಬೇರೊಂದು. 1932ರ ಸುಮಾರಿಗೆ ನೀಲಗಿರಿಯ ಪೈಕಾರ ಜಲಪಾತದ ವಿದ್ಯುತ್ತು ಬಯಲಿಗೆ ಇಳಿದು ಬಂದು ಕೊಯಮತ್ತೂರಿನ ಗಿರಣಿಗಳನ್ನು ತಿರುಗಿಸಿತಷ್ಟೆ. ಐದು ವರ್ಷಗಳ ಬಳಿಕ, 1937ರಲ್ಲಿ, ಜಿ. ಡಿ. ನಾಯ್ಡುವೂ ಡಿ. ಬಾಲಸುಂದರಂ ನಾಯ್ಡುವೂ ಸೇರಿ ದೇಶದಲ್ಲಿಯೇ ಮೊದಲೆಂದು ಹೆಸರಾದ ಸ್ವದೇಶೀ ವಿದ್ಯುನ್ಮೋಟಾರನ್ನು ನಿರ್ಮಿಸಿದರು. ಪೆಟ್ರೋಲಿನ ಎಂಜಿನ್ನೂ ವಿದ್ಯುತ್ತಿನ ಮೋಟಾರೂ ಒಬ್ಬನೇ ಮನುಷ್ಯನ ಕಾರ್ಖಾನೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದುವು. ಅವೆರಡೂ ಒಂದೇ ಕಾರಿನ ಹೊಟ್ಟೆಯಲ್ಲಿ ಸೇರಿ ಕೊಯಮತ್ತೂರಿನ ರಸ್ತೆಗೆ ಬರಲು ಮುಕ್ಕಾಲು ಶತಮಾನ ಬೇಕಾಯಿತು.

ಡೀಸೆಲ್ ಬಂದ ಮೇಲೆ ಕೀಲಿಯ ಮಹತ್ವ ಇನ್ನೂ ಕುಗ್ಗಿತು. ಡೀಸೆಲ್ ಎಂಜಿನ್ನಿಗೆ ಕಿಡಿಯ ಅಗತ್ಯವಿಲ್ಲ. ಗಾಳಿಯನ್ನು ಒತ್ತಿದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವುದು. ಆದುದರಿಂದ ಹಳೆಯ ಲಾರಿ ಬಸ್ಸುಗಳಲ್ಲಿ ಕೀಲಿಯನ್ನು ಕಿತ್ತುಕೊಂಡರೂ ಓಡುವ ಎಂಜಿನ್ನು ಓಡುತ್ತಲೇ ಇರುವುದು. ನಿಲ್ಲಿಸಬೇಕಾದರೆ ಎಣ್ಣೆಯನ್ನು ಕಡಿಯುವ ಬೇರೊಂದು ಗುಂಡಿಯನ್ನು ಎಳೆಯಬೇಕು. ಬ್ಯಾಟರಿ ಸತ್ತರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು, ಡ್ರೈವರನು ಗೇರಿನಲ್ಲಿಟ್ಟು ಕ್ಲಚ್ಚನ್ನು ಬಿಡಬೇಕು, ಬಸ್ಸು ಒಂದು ಸಲ ಮುಗ್ಗರಿಸಿ ಹೊರಡಬೇಕು. ಹೀಗೆ ತಳ್ಳಿ ಹೊರಡಿಸುವ ಪದ್ಧತಿಯು ನಮ್ಮ ದೇಶದ ಸಾರ್ವಜನಿಕ ಜೀವನದಲ್ಲಿ ಎಂಥ ಸ್ಥಾನವನ್ನು ಪಡೆದಿದ್ದಿತೆಂದು, ಆ ಕಾಲದಲ್ಲಿ ಬಸ್ಸು ಹತ್ತಿದವರಿಗೆ ವಿವರಿಸಬೇಕಾದುದಿಲ್ಲ.

ಲೋಹದ ಕೀಲಿಯು ನಿಜವಾಗಿ ಪ್ರಭುವಾದುದು ಖಾಸಗಿ ಕಾರುಗಳ ಕಾಲದಲ್ಲಿ. 1949ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ಒಂದೇ ಕೀಲಿಯ ತಿರುವಿನಲ್ಲಿ ಕಿಡಿಯನ್ನೂ ಸ್ಟಾರ್ಟರನ್ನೂ ಕೂಡಿಸಿತು. ಆ ಕ್ರಮವು ಕ್ರಮೇಣ ಲೋಕವ್ಯಾಪಿಯಾಯಿತು. ಕೊಯಮತ್ತೂರಿನ ಗಿರಣಿಯೊಡೆಯರ, ವೈದ್ಯರ, ತಿರುಪ್ಪೂರಿನ ಹತ್ತಿಯ ವರ್ತಕರ ಮನೆಯ ಮುಂದೆ ಅಂಬಾಸಿಡರ್ ಫಿಯಟ್‌ಗಳು ನಿಂತುವು. ಆಗ ವಿದ್ಯೆಯಿಂದ ವಸ್ತುವಿಗೆ ಬೀಗವು ವರ್ಗಾವಣೆಯಾಯಿತೆನ್ನಬಹುದು: ಯಾರ ಕೈಯಲ್ಲಿ ಕೀಲಿಯೋ ಅವನೇ ಒಡೆಯ. ಡ್ರೈವರನು ರಾತ್ರಿ ಮನೆಗೆ ಹೊರಡುವ ಮುನ್ನ ಕೀಲಿಯನ್ನು ಒಳಗೆ ಕೊಟ್ಟು, ಮುಂಜಾನೆ ಮತ್ತೆ ಕೇಳಿ ಪಡೆಯುವುದು ನಿತ್ಯದ ವಿಧಿಯಾಯಿತು. ಹ್ಯಾಂಡಲಿನ ಕಾಲದ ಅವನ ಮರ್ಯಾದೆಯೂ ಅದರೊಡನೆ ಒಳಗೆ ಹೋಗಿ ಮೊಳೆಗೆ ನೇತುಬಿದ್ದಿತು. ಮನೆಯೊಡತಿಯ ಸೆರಗಿನ ಗೊಂಚಲಿನಲ್ಲಿ ಬೀರುವಿನ ಕೀಲಿಯೊಡನೆ ಕಾರಿನ ಕೀಲಿಯೂ ಸೇರಿದ್ದ ಮನೆಗಳು ಇದ್ದುವೆಂದರೆ ಆಶ್ಚರ್ಯವಲ್ಲ.

ಈ ಕಾಲವು ಪೋಷಿಸಿದ ಒಂದು ಕಸಬನ್ನು ಇಲ್ಲಿ ಸ್ಮರಿಸಬೇಕು. ಪೇಟೆಯ ಬೀದಿಗಳಲ್ಲಿ ಕೊಡೆ ನೆಟ್ಟುಕೊಂಡು, ತಂತಿಗೆ ನೂರಾರು ಕೀಲಿಗಳನ್ನು ಪೋಣಿಸಿ ತೂಗುಹಾಕಿಕೊಂಡು ಕುಳಿತ ಕೀಲಿ ಮಾಡುವವನು ಕಾರಿನವರಿಗೆ ಆಪದ್ಬಾಂಧವನಾಗಿದ್ದನು. ಹಲ್ಲಿಲ್ಲದ ಹೊಸ ಕೀಲಿಗೆ ದೀಪದ ಮಸಿಯನ್ನು ಹಿಡಿಸಿ, ಕಳೆದುಹೋದ ಕೀಲಿಯ ಬೀಗದೊಳಗೆ ತೂರಿಸಿ ಮೆಲ್ಲನೆ ಒತ್ತಿ ತಿರುಗಿಸಿದರೆ, ಒಳಗಿನ ತಗಡುಗಳು ಮಸಿಯ ಮೇಲೆ ತಮ್ಮ ಗುರುತನ್ನು ಬಿಡುತ್ತವೆ. ಗುರುತು ಬಿದ್ದಲ್ಲಿ ಅರವಿಟ್ಟು ಉಜ್ಜಿ, ಮತ್ತೆ ತೂರಿಸಿ, ಮತ್ತೆ ಉಜ್ಜಿ, ಅರ್ಧ ಗಂಟೆಯೊಳಗೆ ಮೂಲ ಕೀಲಿಯನ್ನು ಕಾಣದೆಯೇ ಅದರ ಮರಿಯನ್ನು ಸೃಷ್ಟಿಸುವ ಆ ಬೆರಳುಗಳ ಕೌಶಲವು ದಿಂಡಿಗಲ್ಲಿನ ಕಮ್ಮಾರರದಕ್ಕೆ ಕಡಿಮೆಯಾದುದಲ್ಲ. ಆದರೆ ಬೀಗದ ಸತ್ತ್ವವೂ ಅಷ್ಟೇ ಎಂಬುದನ್ನು ಅದೇ ಕೌಶಲವು ಸಾರುತ್ತಿದ್ದಿತು. ಸವೆದ ಅಂಬಾಸಿಡರಿನ ಬೀಗಕ್ಕೆ ಸವೆದ ಯಾವ ಕೀಲಿಯಾದರೂ ನಡೆಯುವುದುಂಟು. ಕೀಲಿಯೇ ಇಲ್ಲದಿದ್ದರೆ ಹಲಗೆಯ ಹಿಂದಿನ ಎರಡು ತಂತಿಗಳನ್ನು ಕೂಡಿಸಿದರೂ ನಡೆಯುವುದು.

ಮುಂದಿನ ಘಟ್ಟಗಳನ್ನು ಬೇಗನೆ ದಾಟಬಹುದು. 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನಲ್ಲಿ ದೂರದಿಂದ ಬಾಗಿಲು ತೆಗೆಯುವ ಸಾಧನವು ಬಂದಿತು. ದಿನವೂ ಒಂದೇ ಸಂಕೇತವನ್ನು ಕಳುಹಿಸಿದರೆ ಕದ್ದು ಕೇಳಿದವನು ಅದನ್ನೇ ಒಪ್ಪಿಸಬಲ್ಲನಾದುದರಿಂದ, ಒತ್ತಿದಾಗಲೆಲ್ಲ ಬದಲಾಗುವ ಸಂಕೇತಗಳು ಬಂದುವು. 1990ರ ದಶಕದಲ್ಲಿ ಕೀಲಿಯ ತಲೆಯೊಳಗೆ ಗಾಜಿನ ಕಾಳಿನಷ್ಟು ಸಣ್ಣ ವಿದ್ಯುದ್ಯಂತ್ರವನ್ನು ಹುದುಗಿಸಿ, ಅದರ ಗುರುತು ಸಿಕ್ಕಿದ ಹೊರತು ಎಂಜಿನ್ನಿಗೆ ಇಂಧನವೂ ಕಿಡಿಯೂ ದೊರೆಯದಂತೆ ಮಾಡಿದರು. ಯುರೋಪಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಬೀದಿಯ ಕೀಲಿಗಾರನು ಅರದಿಂದ ಉಜ್ಜಿ ಮಾಡಿದ ಕೀಲಿಯು ಇನ್ನು ಮೇಲೆ ಬಾಗಿಲನ್ನು ತೆರೆಯಬಲ್ಲುದು, ಸ್ಟೀರಿಂಗನ್ನು ಬಿಡಿಸಬಲ್ಲುದು, ಕಾರನ್ನು ಮಾತ್ರ ಹೊರಡಿಸಲಾರದು. ಬಾಗಿಲಿನ ಬೀಗವೂ ಚಲನೆಯ ಬೀಗವೂ ಮರಳಿ ಬೇರೆಬೇರೆಯಾದುವು.

ಜಪಾನಿನ ಟೊಯೊಟಾ ಕಂಪನಿಯು ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು 1997ರಲ್ಲಿ ಹೊರತಂದಿತು. 2003ರ ಎರಡನೆಯ ತಲೆಮಾರಿನ ಪ್ರಿಯಸ್‌ನಲ್ಲಿ ತಿರುಗಿಸುವ ಕೀಲಿಯನ್ನೇ ತೆಗೆದುಹಾಕಿ ಗುಂಡಿಯನ್ನು ಇಟ್ಟಿತು. ಕೀಲಿಕೈಯಿಲ್ಲದ ಪ್ರವೇಶವು ಅದಕ್ಕೆ ಮುಂಚೆಯೂ ಕೆಲವು ದುಬಾರಿ ಕಾರುಗಳಲ್ಲಿದ್ದುದುಂಟು. ಆದರೆ ಹೈಬ್ರಿಡ್ಡಿಗೆ ಗುಂಡಿಯು ಬರಿಯ ಶೋಭೆಯಲ್ಲ. ಕೀಲಿಯನ್ನು ತಿರುಗಿಸಿ ಹಿಡಿಯುವುದು ಎಂಜಿನ್ನು ಹೊತ್ತಿಕೊಳ್ಳುವವರೆಗೆ ಸ್ಟಾರ್ಟರನ್ನು ಸುತ್ತಿಸುವುದಕ್ಕಾಗಿ ಹುಟ್ಟಿದ ಚೇಷ್ಟೆ. ಹೈಬ್ರಿಡ್ ಕಾರು ಹೊರಡುವಾಗ ಎಂಜಿನ್ನು ಸುತ್ತಬೇಕೆಂಬ ನಿಯಮವೇ ಇಲ್ಲವಾದುದರಿಂದ ಆ ಚೇಷ್ಟೆಗೆ ಅರ್ಥವಿಲ್ಲದೆ ಹೋಯಿತು. ನಮ್ಮ ದೇಶಕ್ಕೆ ಪ್ರಿಯಸ್ 2010ರಲ್ಲಿ ಬಂದಿತು. 2013ರಿಂದ ಕ್ಯಾಮ್ರಿ ಹೈಬ್ರಿಡ್ಡು ಬೆಂಗಳೂರಿನ ಬಳಿಯ ಬಿಡದಿಯ ಕಾರ್ಖಾನೆಯಲ್ಲಿಯೇ ಜೋಡಣೆಗೊಂಡಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳೂ, ಸುಜುಕಿಯ ಹೆಸರಿನ ಗ್ರ್ಯಾಂಡ್ ವಿಟಾರವೂ ಅಲ್ಲಿಂದಲೇ ಹೊರಟುವು. ಒಂದು ಕಾಲಕ್ಕೆ ಮೈಸೂರಿನ ಸೇನೆಗಳು ಗಜ್ಜಲಹಟ್ಟಿಯ ಕಣಿವೆಯಿಂದ ಇಳಿದ ಕೊಂಗುನಾಡಿಗೆ ಈಗ ಮೈಸೂರು ಸೀಮೆಯ ಕಾರುಗಳು ಇಳಿಯುತ್ತಿವೆ.

ಇಂಥ ಕಾರಿನ ಬಾಗಿಲಲ್ಲಿ ನಡೆಯುವ ಸಂಭಾಷಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಾಗಿಲ ಹಿಡಿಯೊಳಗೆ ತಂತಿಯ ಸುರುಳಿಯೊಂದಿದೆ. ಅದು 125ರಿಂದ 134 ಕಿಲೋಹರ್ಟ್ಸಿನ ಮಂದ್ರವಾದ ರೇಡಿಯೋ ಧ್ವನಿಯಲ್ಲಿ, ಒಂದು ಮಾರು ದೂರವನ್ನೂ ದಾಟದಷ್ಟು ಮೆಲ್ಲಗೆ, ಯಾರಾದರೂ ಇದ್ದೀರಾ ಎಂದು ಕರೆಯುವುದು. ಒಡೆಯನ ಜೇಬಿನಲ್ಲಿ ನಿದ್ರಿಸುತ್ತಿರುವ ಕೀಲಿಯು ಆ ಕರೆಗೆ ಎಚ್ಚರಗೊಳ್ಳುವುದು. ಆಗ ಕಾರು ಆ ಕ್ಷಣಕ್ಕೆ ಹೊಳೆದ ಒಂದು ದೊಡ್ಡ ಸಂಖ್ಯೆಯನ್ನು ಒಡ್ಡುತ್ತದೆ. ಕೀಲಿಯು ತನಗೂ ಕಾರಿಗೂ ಮಾತ್ರ ತಿಳಿದ ಗುಪ್ತಸಂಖ್ಯೆಯೊಡನೆ ಅದನ್ನು ಕಲಸಿ, ಬಂದ ಉತ್ತರವನ್ನು 433 ಮೆಗಾಹರ್ಟ್ಸಿನ ಆಸುಪಾಸಿನ ತಾರಧ್ವನಿಯಲ್ಲಿ ಹಿಂದಕ್ಕೆ ಕಳುಹಿಸುತ್ತದೆ. ಕಾರು ತಾನೂ ಅದೇ ಗಣಿತವನ್ನು ಮಾಡಿ, ಎರಡೂ ಒಂದಾದರೆ ಬಾಗಿಲ ಚಿಲಕದ ಪುಟ್ಟ ಮೋಟಾರಿಗೆ ಅಪ್ಪಣೆ ಕೊಡುವುದು. ಗುಪ್ತಸಂಖ್ಯೆಯು ಒಮ್ಮೆಯೂ ಗಾಳಿಯಲ್ಲಿ ಸಂಚರಿಸುವುದಿಲ್ಲ, ಕೇಳಿದ ಪ್ರಶ್ನೆಯು ಮತ್ತೊಮ್ಮೆ ಬರುವುದಿಲ್ಲ. ತಿರುಮರೈಕ್ಕಾಡಿನ ಕದದಂತೆ ಇದೂ ಹಾಡಿಗಿಂತ ಹಾಡುವವನನ್ನು ಬಲ್ಲುದು. ಇಷ್ಟೆಲ್ಲವೂ ಬೆರಳು ಹಿಡಿಯನ್ನು ಮುಟ್ಟಿ ಎಳೆಯುವಷ್ಟರಲ್ಲಿ ಮುಗಿದಿರುತ್ತದೆ.

ಒಳಗೆ ಕುಳಿತ ಮೇಲಿನದೇ ದೊಡ್ಡ ಬೀಗ. ಆಸನಗಳ ನಡುವೆಯೂ ಹಿಂದೆಯೂ ಅಡಗಿಸಿಟ್ಟ ಬೇರೆ ಸುರುಳಿಗಳು ಕೀಲಿಯು ಕಾರಿನ ಒಳಗೇ ಇದೆಯೆಂದು ಖಚಿತಪಡಿಸಿಕೊಳ್ಳುವುವು. ಬ್ರೇಕನ್ನು ತುಳಿದು ಗುಂಡಿಯನ್ನು ಒತ್ತಿದಾಗ ಗುರುತಿನ ಪರೀಕ್ಷೆಯು ಇನ್ನೊಮ್ಮೆ ನಡೆದು, ಸ್ಟೀರಿಂಗಿನ ಬಂಧನವು ಕಳಚಿ, ಹೈಬ್ರಿಡ್ ವ್ಯವಸ್ಥೆಯ ಗಣಕವು ಎಚ್ಚರಗೊಳ್ಳುವುದು. ಎರಡನೆಯ ತಲೆಮಾರಿನ ಪ್ರಿಯಸ್ ಹೊತ್ತ ದೊಡ್ಡ ಬ್ಯಾಟರಿಯ ಒತ್ತಡ 201.6 ವೋಲ್ಟು, ಕಾರು ನಿಂತಿರುವಾಗ ಅದು ರಿಲೇ ಎಂಬ ದಪ್ಪ ಕೊಂಡಿಗಳಿಂದ ಉಳಿದ ವಾಹನಕ್ಕೆ ಸಂಬಂಧವಿಲ್ಲದಂತೆ ಕತ್ತರಿಸಲ್ಪಟ್ಟಿರುತ್ತದೆ. ಗಣಕವು ಮೊದಲು ತಡೆಯೊಂದರ ಮೂಲಕ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಹರಿಸಿ, ಎದುರಿನ ಧಾರಕವು ತುಂಬಿದ ಬಳಿಕ ಮುಖ್ಯ ಕೊಂಡಿಯನ್ನು ಕೂಡಿಸುವುದು. ಏಕಾಏಕಿ ಕೂಡಿಸಿದರೆ ಕಿಡಿ ಸಿಡಿದು ಕೊಂಡಿಯ ಮುಖಗಳೇ ಬೆಸೆದುಹೋದಾವು. ಅಲ್ಲಿಗೆ ಎದುರಿನ ಫಲಕದಲ್ಲಿ ಸಿದ್ಧ ಎಂಬ ದೀಪ ಹೊತ್ತುವುದು. ಶಬ್ದವಿಲ್ಲ, ಕಂಪನವಿಲ್ಲ. ಎಂಜಿನ್ನು ಬೇಕಾದಾಗ ಅದನ್ನು ತಿರುಗಿಸಿ ಎಬ್ಬಿಸುವುದು ಕಾರಿನೊಳಗಿನ ಎರಡು ವಿದ್ಯುನ್ಮೋಟಾರುಗಳಲ್ಲಿ ಒಂದರ ಕೆಲಸ. ಹಳೆಯ ಕ್ಲೀನರನ ಹ್ಯಾಂಡಲನ್ನು ಕಡೆಗೂ ತನ್ನ ಕೈಗೆ ತೆಗೆದುಕೊಂಡುದು ಜಿ. ಡಿ. ನಾಯ್ಡುವಿನ ಕಾರ್ಖಾನೆಯಲ್ಲಿ ಎಂಜಿನ್ನಿನ ನೆರೆಯವನಾಗಿದ್ದ ವಿದ್ಯುನ್ಮೋಟಾರೇ.

ಇಷ್ಟು ಬಲಿಷ್ಠವಾದ ವ್ಯವಸ್ಥೆಯ ಜೀವವು ಮತ್ತೆ ಒಂದು ಬಡಪಾಯಿ ವಸ್ತುವಿನಲ್ಲಿದೆಯೆಂಬುದು ವಿನೋದ. ಬಾಗಿಲಿನ ಚಿಲಕಗಳೂ, ಗಣಕಗಳೂ, ದೊಡ್ಡ ಬ್ಯಾಟರಿಯ ಕೊಂಡಿಗಳೂ ನಡೆಯುವುದು ಮೂಲೆಯಲ್ಲಿ ಕುಳಿತ ಸಾಧಾರಣವಾದ 12 ವೋಲ್ಟಿನ ಬ್ಯಾಟರಿಯ ಬಲದಿಂದ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಕಾರಿನಲ್ಲಿ ಅದು ಸತ್ತರೆ, 200 ವೋಲ್ಟಿನ ಭಂಡಾರವು ಪಕ್ಕದಲ್ಲಿಯೇ ತುಂಬಿದ್ದರೂ ಅದನ್ನು ತಲುಪುವ ಕೊಂಡಿಯನ್ನು ಕೂಡಿಸುವವರಿಲ್ಲ. ತಳ್ಳಿ ಹೊರಡಿಸೋಣವೆಂದರೆ, ಊರೇ ಬಂದು ತಳ್ಳಿದರೂ ಇದು ಹೊರಡದು. ಆಗ ಜೇಬಿನ ಕೀಲಿಯ ಹೊಟ್ಟೆಯಿಂದ ಹಳೆಯ ಕಾಲದ ಒಂದು ಲೋಹದ ಕೀಲಿಯನ್ನು ಎಳೆದು, ಡ್ರೈವರನ ಬಾಗಿಲಿನಲ್ಲಿ ಉಳಿಸಿರುವ ಒಂದೇ ಕಂಡಿಗೆ ತೂರಿಸಿ ಬಾಗಿಲನ್ನು ತೆರೆದು, ಬೇರೊಂದು ವಾಹನದಿಂದ 12 ವೋಲ್ಟಿನ ಭಿಕ್ಷೆಯನ್ನು ಪಡೆಯಬೇಕು. ಜೇಬಿನ ಕೀಲಿಯೊಳಗಿನ ನಾಣ್ಯದಾಕಾರದ ಬ್ಯಾಟರಿಯೇ ಸತ್ತಿದ್ದರೆ ಅಷ್ಟು ಕಷ್ಟವಿಲ್ಲ: ಕೀಲಿಯನ್ನು ಗುಂಡಿಗೆ ತಾಗಿಸಿ ಹಿಡಿದರೆ, ಗುಂಡಿಯ ಸುರುಳಿಯಿಂದಲೇ ಶಕ್ತಿಯನ್ನು ಹೀರಿಕೊಂಡು ಅದು ತನ್ನ ಗುರುತನ್ನು ಪಿಸುಗುಟ್ಟುವುದು.

ಕಳ್ಳರಿಗೂ ದಾರಿ ಸಿಗದೆ ಇಲ್ಲ. 2011ರಲ್ಲಿ ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಒಬ್ಬನು ಕಾರಿನ ಬಳಿಯೂ ಮತ್ತೊಬ್ಬನು ಕೀಲಿಯಿರುವ ಮನೆಯ ಬಳಿಯೂ ನಿಂತು ಇಬ್ಬರ ನಡುವೆ ರೇಡಿಯೋ ಧ್ವನಿಯನ್ನು ಬಲಪಡಿಸಿ ಸಾಗಿಸಿದರೆ, ಗುಪ್ತಸಂಖ್ಯೆಯನ್ನು ಭೇದಿಸುವ ಗೋಜಿಲ್ಲದೆ ಎಲ್ಲವನ್ನೂ ತೆರೆದು ಓಡಿಸಬಹುದೆಂದು ತೋರಿಸಿದರು. ಕಾರು ಕೇಳಿದ ಪ್ರಶ್ನೆ ಸಾಚಾ, ಕೀಲಿ ಕೊಟ್ಟ ಉತ್ತರವೂ ಸಾಚಾ, ಸುಳ್ಳಾದುದು ಸಾಮೀಪ್ಯವೊಂದೇ. ಆದುದರಿಂದ ಈಚೆಗೆ ಕೆಲವು ಕೀಲಿಗಳು ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ತಾವೇ ಕಿವುಡಾಗುವುವು. ಮತ್ತೆ ಕೆಲವು ಉತ್ತರವು ಹೋಗಿ ಬರುವ ಕಾಲವನ್ನೇ ಅಳೆದು ದೂರವನ್ನು ಲೆಕ್ಕ ಹಾಕುವುವು.

ಆದರೆ ಕೊಯಮತ್ತೂರು ತಿರುಪ್ಪೂರುಗಳಂಥ ಊರುಗಳಲ್ಲಿ ಈ ಬೀಗವು ಮುಖ್ಯವಾಗಿ ಕಾಡುವುದು ಕಳ್ಳನನ್ನಲ್ಲ, ಒಡೆಯ ಡ್ರೈವರರ ಹಳೆಯ ಸಂಬಂಧವನ್ನು. ಈ ಕಾರನ್ನು ರಚಿಸಿದವರು ಒಡೆಯನೇ ಓಡಿಸುವ ದೇಶದವರು. ಜೇಬೂ ಸ್ಟೀರಿಂಗೂ ಒಬ್ಬನವೇ ಎಂಬುದು ಅವರ ಎಣಿಕೆ. ಇಲ್ಲಿ ಹಿಂದಿನ ಆಸನದಲ್ಲಿ ಕುಳಿತ ಮುದಲಾಳಿಯ, ಎಂದರೆ ಒಡೆಯನ ಜೇಬಿನಲ್ಲಿ ಕೀಲಿಯಿರುವುದುಂಟು. ಡ್ರೈವರನು ಗುಂಡಿಯನ್ನು ಒತ್ತಿದಾಗ ಕಾರು ಹಿಂದಿನವರ ಜೇಬನ್ನು ಗುರುತಿಸಿ ಹೊರಡುವುದು. ಮುದಲಾಳಿಯು ಬನಿಯನ್ ಕಾರ್ಖಾನೆಯ ಬಾಗಿಲಲ್ಲಿ ಇಳಿದು ಒಳಗೆ ಹೋದೊಡನೆ ಕಾರು ಕೀಲಿ ಕಾಣದೆಂದು ಕೀರಲಿಟ್ಟು ಸುಮ್ಮನಾಗುವುದು. ಆದರೂ ಹೈಬ್ರಿಡ್ ವ್ಯವಸ್ಥೆಯು ಚಾಲನೆಯಲ್ಲಿರುವವರೆಗೆ ಕಾರು ನಿಲ್ಲತಕ್ಕದ್ದಲ್ಲ, ನಡುಬೀದಿಯಲ್ಲಿ ನಿಂತರೆ ಅಪಾಯವಲ್ಲವೇ. ಡ್ರೈವರನು ನೆರಳು ಹುಡುಕಿಕೊಂಡು ಎರಡು ಬೀದಿಯಾಚೆಗೆ ಹೋಗಿ ಬೇವಿನ ಮರದಡಿಯಲ್ಲಿ ನಿಲ್ಲಿಸಿ ಗುಂಡಿಯನ್ನು ಒತ್ತಿ ಆರಿಸಿದನೆಂದರೆ ಮುಗಿಯಿತು. ಮತ್ತೆ ಎಷ್ಟು ಒತ್ತಿದರೂ ಕಾರು ಅವನನ್ನು ಅರಿಯದು. ಮೂವತ್ತು ವರ್ಷ ಸ್ಟೀರಿಂಗು ಹಿಡಿದವನು ಬೆವರೊರೆಸಿಕೊಳ್ಳುತ್ತ ಕಾರ್ಖಾನೆಗೆ ನಡೆದು, ಲೆಕ್ಕದ ಕೋಣೆಯಲ್ಲಿ ಕಾದು, ಕೀಲಿಯನ್ನು ಬೇಡಿ ತರಬೇಕು. ಇಂಥ ಕಾರಿನೊಡನೆ ಎರಡು ಕೀಲಿಗಳು ಬರುವುದುಂಟಾದುದರಿಂದ, ಅನುಭವಸ್ಥರಾದ ಮನೆಗಳಲ್ಲಿ ಈಗ ಎರಡನೆಯದನ್ನು ಬೀರುವಿನಲ್ಲಿಡದೆ ಡ್ರೈವರನ ಕೈಗೇ ಕೊಟ್ಟುಬಿಡುತ್ತಾರೆ.